ಹಾರ್ಮೋನಿಯಂ ಇದ್ದ ಜಾಗ

ಎಡಗೈ ಯೋಕ್ ಮೇಲೆ, ಬಲಗೈ ಥ್ರಾಟಲ್ ಮೇಲೆ. ಎರಡೂ ಅಂಗೈ ಬೆವೆತಿವೆ. ಗಾಜಿನಾಚೆ ಮೈಸೂರಿನ ಮಂಡಕಳ್ಳಿಯ ರನ್‌ವೇ ಕ್ಷಣಕ್ಷಣಕ್ಕೂ ಅಗಲವಾಗುತ್ತಿದೆ, ಅದರ ಮೇಲೆ ಬಳಿದ 27 ಎಂಬ ಬಿಳಿಯ ಅಂಕಿ ಎದ್ದು ಬರುತ್ತಿದೆ. ಬೆಳಿಗ್ಗೆ ಏಳೂವರೆ. ಸೆಸ್ನಾ 172ರ ಪುಟ್ಟ ಕಾಕ್‌ಪಿಟ್ಟಿನಲ್ಲಿ ಪೆಟ್ರೋಲಿನ ಘಾಟು, ಹಳೆಯ ಸೀಟಿನ ಮುಗ್ಗಲು, ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್ ಬಾಯಿಗೆ ಹಾಕಿಕೊಂಡ ಏಲಕ್ಕಿಯ ಪರಿಮಳ. ವೇಗದ ಮುಳ್ಳು 65 ನಾಟ್‌ನಲ್ಲಿ ನಿಂತಿದೆ. ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಪೂರ್ತಿ ಕೆಳಗೆ, 30 ಡಿಗ್ರಿ. ಎಲ್ಲ ಸರಿಯಿದೆ.

"ಈಗ ಮೂಗೆತ್ತು. ಮೆಲ್ಲಗೆ," ಅನ್ನುತ್ತಾರೆ ಸರ್.

ನೀವು ಎತ್ತುತ್ತೀರಿ, ಆದರೆ ಮೆಲ್ಲಗಲ್ಲ. ಇಳಿಯುತ್ತಿದ್ದ ವಿಮಾನ ಮನಸ್ಸು ಬದಲಿಸಿದಂತೆ ಮೇಲಕ್ಕೆ ತೇಲುತ್ತದೆ. ಹೊಟ್ಟೆ ಹಗುರಾಗುತ್ತದೆ. ರನ್‌ವೇ ಮೂಗಿನ ಕೆಳಗೆ ಮರೆಯಾಗಿ ಎದುರಿಗೆ ಬರೀ ಆಕಾಶ. ಗಾಜಿನ ಎಡಮೂಲೆಯಿಂದ, ತಲೆಯ ಹತ್ತಿರವೇ, ಒಂದು ಸಣ್ಣ ಪೀಪಿ ಅಳಲು ಶುರುಮಾಡುತ್ತದೆ. ಸ್ಟಾಲ್ ಹಾರ್ನ್. ರೆಕ್ಕೆ ಇನ್ನೇನು ಕೈಬಿಡುತ್ತೇನೆ ಎನ್ನುತ್ತಿದೆ.

"ಗೋ ಅರೌಂಡ್!"

ಇಳಿಯುವುದು ಬಿಟ್ಟು ಮತ್ತೆ ಮೇಲೇರಬೇಕು. ಏನು ಮಾಡಬೇಕೆಂದು ನಿಮಗೆ ಗೊತ್ತು. ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದೀರಿ, ಸ್ನಾನ ಮಾಡುವಾಗ ಗುನುಗಿದ್ದೀರಿ. ಥ್ರಾಟಲ್ ಪೂರ್ತಿ. ಫ್ಲ್ಯಾಪ್ 20ಕ್ಕೆ. ವೇಗ ನೋಡು. ಮೇಲೇರುತ್ತಿದೆ ಎಂದು ಖಾತ್ರಿಯಾದ ಮೇಲೆ 10ಕ್ಕೆ. ಬಲಗೈ ಥ್ರಾಟಲ್ ನೂಕುತ್ತದೆ, ಫ್ಲ್ಯಾಪ್ ಹಿಡಿಗೆ ಹೋಗುತ್ತದೆ, ಹೋದದ್ದು ನಿಲ್ಲುವುದೇ ಇಲ್ಲ. ಒಂದೇ ಎಳೆತಕ್ಕೆ ತುದಿಯವರೆಗೆ. ರೆಕ್ಕೆಯೊಳಗೆ ಮೋಟಾರು ಗುರ್ರೆನ್ನುತ್ತದೆ. ಕೂತ ಸೀಟು ಕುಸಿಯುತ್ತದೆ. ಎಂಜಿನ್ನಿನ ಪೂರ್ತಿ ಬಲಕ್ಕೆ ಮೂಗು ಎಡಕ್ಕೆ ವಾಲುತ್ತದೆ, ಬಲಗಾಲು ರಡ್ಡರ್ ಒತ್ತುವುದನ್ನು ಮರೆತಿದೆ. ರನ್‌ವೇ ಬಲಕ್ಕೆ ಸರಿಯುತ್ತದೆ. ಹುಲ್ಲು ಬರುತ್ತಿದೆ. ಹುಲ್ಲು. ಹುಲ್ಲು.

"ಐ ಹ್ಯಾವ್ ಕಂಟ್ರೋಲ್ಸ್."

ಎರಡು ಸೆಕೆಂಡಿನಲ್ಲಿ ಎಲ್ಲ ಸರಿಹೋಗುತ್ತದೆ, ಅದೇ ಹೆಚ್ಚು ಅವಮಾನ. ಕೆಳಗೆ ನಂಜನಗೂಡಿನ ರಸ್ತೆ ಹಾಯುತ್ತದೆ, ಪಕ್ಕದಲ್ಲೇ ರೈಲುಹಳಿ. ಸರ್ ಇನ್ನೊಂದು ಏಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ಇಳಿದ ಮೇಲೆ ವಿಮಾನಕ್ಕೆ ಹಗ್ಗ ಕಟ್ಟುತ್ತಾ ಹೇಳುತ್ತಾರೆ: "ನಿನ್ನ ತಲೆಗೆ ಗೊತ್ತಿದೆ ಕಣಮ್ಮ, ಕೈಗೆ ಗೊತ್ತಿಲ್ಲ. ಕೈಗೆ ಪಾಠ ಹೇಳಕ್ಕೆ ಈ ವಿಮಾನ ತುಂಬಾ ದುಬಾರಿ. ಮನೇಲೊಂದು ಸಿಮ್ಯುಲೇಟರ್ ಜೋಡಿಸ್ಕೊ." ಎರಡು ಹೆಜ್ಜೆ ಹೋದವರು ತಿರುಗುತ್ತಾರೆ. "ಒಂದು ಮಾತು. ಲ್ಯಾಂಡಿಂಗ್ ಮಾತ್ರ ಅದರಲ್ಲಿ ಕಲೀಬೇಡ."

ಲ್ಯಾಂಡಿಂಗ್ ಕಲಿಯಬಾರದೆಂದರೆ ಇನ್ಯಾಕೆ ಅದು? ಕೇಳುವಷ್ಟು ಧೈರ್ಯ ನಿಮಗೆ ಆ ಹೊತ್ತಿಗೆ ಉಳಿದಿಲ್ಲ.

ರಾತ್ರಿ ಊಟದ ನಂತರ ಅಪ್ಪನ ಎದುರು ಕೂರುತ್ತೀರಿ. ಅವರು ನಿವೃತ್ತ ಸಂಗೀತ ಮೇಷ್ಟ್ರು. ಈ ಮನೆಯ ಪತ್ರ ಬ್ಯಾಂಕಿನಲ್ಲಿದೆ. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದದ್ದು 200 ಗಂಟೆಯ ಹಾರಾಟ. ನಿಮ್ಮ ಮನೆಯ ಲೆಕ್ಕದಲ್ಲಿ ಎಲ್ಲ ಸೇರಿ 50 ಲಕ್ಷ. ಭಾಗಿಸಿದರೆ ಗಂಟೆಗೆ 25 ಸಾವಿರ. ನೀವು ಕೇಳುತ್ತಿರುವುದು ಒಂದು ಲಕ್ಷ, ಅಂದರೆ ನಾಲ್ಕು ಗಂಟೆಯ ಆಕಾಶ. ಮನೆಯಲ್ಲಿ ಎಷ್ಟು ಸಾವಿರ ಗಂಟೆ ಹಾರಿದರೂ ಲಾಗ್‌ಬುಕ್ಕಿನಲ್ಲಿ ಒಂದು ನಿಮಿಷವೂ ಬರೆಯುವಂತಿಲ್ಲ, ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿದ ಯಂತ್ರವಲ್ಲ ಅದು. ಇದನ್ನು ಅಪ್ಪನಿಗೆ ಹೇಳದೆ ಮುಚ್ಚಿಡಬಹುದಿತ್ತು. ಹೇಳಿಬಿಡುತ್ತೀರಿ.

"ಹಂಗಾದ್ರೆ ಅದು ಆಟದ ಸಾಮಾನೇ ಅಲ್ವಾ ಪುಟ್ಟಿ?"

ನಿಮ್ಮಲ್ಲಿರುವುದು ಒಂದೇ ಉತ್ತರ, ಅದು ಅವರ ಕಿವಿಗೆ ಸಲ್ಲುವ ಉತ್ತರ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬುವನಿದ್ದ. ಅವನಪ್ಪನದು ಪಿಯಾನೊ, ಆರ್ಗನ್ ಮಾಡುವ ಕಾರ್ಖಾನೆ. 1929ರಲ್ಲಿ ಅವನು ಆರ್ಗನ್ನಿನ ತಿದಿಗಳನ್ನೇ ಕೆಳಗಿಟ್ಟು ಮೇಲೊಂದು ಪುಟಾಣಿ ವಿಮಾನದ ಡಬ್ಬಿ ಕೂರಿಸಿದ. ಹಿಡಿಕೋಲು ವಾಲಿಸಿದರೆ ಒಂದು ತಿದಿ ಉಬ್ಬುತ್ತದೆ, ಇನ್ನೊಂದು ಕುಗ್ಗುತ್ತದೆ, ಡಬ್ಬಿ ವಾಲುತ್ತದೆ. ಅದನ್ನೂ ಆಟದ ಸಾಮಾನೆಂದೇ ಜನ ಜಾತ್ರೆ-ಉದ್ಯಾನಗಳಿಗೆ ಕೊಂಡರು. 1934ರ ಚಳಿಗಾಲದಲ್ಲಿ ಅಮೆರಿಕದ ಸೇನೆಗೆ ಅಂಚೆ ಸಾಗಿಸುವ ಕೆಲಸ ಬಿತ್ತು; ಮಂಜು, ಕತ್ತಲೆಯಲ್ಲಿ ಉಪಕರಣ ನೋಡಿ ಹಾರಲು ಬಾರದೆ ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ವೈಮಾನಿಕರು ಸತ್ತರು. ಆಮೇಲೆ ಸೇನೆ ಬಂದು ಆರು ಡಬ್ಬಿಗಳನ್ನು ಕೊಂಡಿತು.

ಅಪ್ಪ ಮಾತಾಡುವುದಿಲ್ಲ. ಅವರ ಕಣ್ಣು ಮೂಲೆಯ ಟೇಬಲ್ ಮೇಲಿನ ಹಾರ್ಮೋನಿಯಂ ಕಡೆಗೆ ಹೋಗುತ್ತದೆ.

"ಒಂದು ಲಕ್ಷ. ಅದರ ಮೇಲೆ ಒಂದು ರೂಪಾಯಿ ಇಲ್ಲ."

ಮರುವಾರ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿದ್ದೀರಿ. ರಟ್ಟಿನ ಪೆಟ್ಟಿಗೆಗಳ ಗೋಡೆ, ಬೆಸುಗೆಯ ಹೊಗೆ, ಗಲ್ಲಾಪೆಟ್ಟಿಗೆಯ ಮೇಲೆ ಊದುಬತ್ತಿ, ಹೆಗಲಿಗೆ ಹೆಗಲು ತಾಗಿಸಿ ಸಾಗುವ ಜನ. ಅಂಗಡಿಯವನು ನಿಮ್ಮನ್ನು ಕರೆದು ಬಾಗಿದ ದೊಡ್ಡ ಪರದೆಯ ಮುಂದೆ ನಿಲ್ಲಿಸುತ್ತಾನೆ. ಅದರಲ್ಲಿ ಹಿಮಪರ್ವತದ ಮೇಲೆ ಜೆಟ್ ಹಾರುತ್ತಿದೆ. ಕಣ್ಣು ಕೀಳಲಾಗುವುದಿಲ್ಲ. "ಮೇಡಂ, ಇದ್ರಲ್ಲಿ ಆಡುದ್ರೆ ನಿಜವಾಗ್ಲೂ ಹಾರ್ದಂಗೇ!" ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರ್, ಈ ಪರದೆ ಎಂದು ಕ್ಯಾಲ್ಕ್ಯುಲೇಟರ್ ಒತ್ತಿ ತಿರುಗಿಸಿ ತೋರಿಸುತ್ತಾನೆ. ನಿಮ್ಮ ಲಕ್ಷವೆಲ್ಲ ಅಲ್ಲಿಗೇ ಮುಗಿಯಿತು. ಹಿಡಿಯಲು ಮೌಸ್ ಉಳಿಯುತ್ತದೆ.

ಆಸೆಯೆಂದರೆ ಹೀಗಿರುತ್ತದೆ, ಬಾಯಲ್ಲಿ ನೀರು, ಕಾಲಲ್ಲಿ ಬಲವಿಲ್ಲ. ನೀವು ಕಣ್ಣು ಮುಚ್ಚುತ್ತೀರಿ. ಆ ಬೆಳಗ್ಗೆ ನಿಮ್ಮನ್ನು ಹುಲ್ಲಿನ ಕಡೆ ಒಯ್ದದ್ದು ಏನು? ಆಕಾಶ ಚೆನ್ನಾಗಿ ಕಾಣದೆ ಹೋದದ್ದೇ? ಬಲಗೈ ತಪ್ಪಿತು, ಬಲಗಾಲು ಮರೆಯಿತು. ಪರದೆಯ ದುಡ್ಡೆಲ್ಲ ಕೈಗೂ ಕಾಲಿಗೂ ಹೋಗಬೇಕು. ನೀವು 24 ಇಂಚಿನ ಸಾದಾ ಪರದೆ, ಮಧ್ಯಮ ದರ್ಜೆಯ ಕಾರ್ಡು, 32 ಜಿಬಿ ರ್‍ಯಾಮ್ ಎನ್ನುತ್ತೀರಿ. ಅಂಗಡಿಯವನ ಮುಖ ಬಾಡುತ್ತದೆ. ಕಾಫಿ ಮಾತ್ರ ಕೊಡಿಸುತ್ತಾನೆ.

ಹಿಡಿಯುವುದಕ್ಕೆ ಏನು ಎಂಬುದು ಇನ್ನೊಂದು ಗೊಂದಲ. ಮೂರು-ನಾಲ್ಕು ಸಾವಿರಕ್ಕೆ ಜಾಯ್‌ಸ್ಟಿಕ್ ಸಿಗುತ್ತದೆ, ಅದನ್ನೇ ತಿರುಚಿದರೆ ರಡ್ಡರ್ ಕೂಡ ಆಯಿತು. ಅಗ್ಗ, ಜಾಣತನದ್ದು, ಹೆಚ್ಚಿನವರಿಗೆ ಅದೇ ಸಾಕು. ಕೊಂಡೇಬಿಡಬೇಕೆಂದು ಕೈ ಚಾಚುತ್ತೀರಿ, ಚಾಚಿದ್ದು ಬಲಗೈ. ಅಲ್ಲೇ ತಡೆಯುತ್ತೀರಿ. ಸೆಸ್ನಾದ ಎಡ ಸೀಟಿನಲ್ಲಿ ಹಾರಿಸುವ ಕೈ ಎಡಗೈ. ಬಲಗೈ ಥ್ರಾಟಲ್ಲಿನದು, ಫ್ಲ್ಯಾಪಿನದು. ಮನೆಯಲ್ಲಿ ಬಲಗೈಲಿ ಹಾರಿಸಿ, ಕಾಲನ್ನು ಸುಮ್ಮನೆ ಮಡಚಿಕೊಂಡು ಕೂತು ನೂರು ರಾತ್ರಿ ಕಳೆದರೆ ಮಂಡಕಳ್ಳಿಯಲ್ಲಿ ಯಾವ ಕೈ ಯಾವುದಕ್ಕೆ ಹೋದೀತು? ಜಾಯ್‌ಸ್ಟಿಕ್ ವಾಪಸ್ ಇಡುತ್ತೀರಿ.

ಹೊಸ ಯೋಕ್, ಹೊಸ ಪೆಡಲ್ ನಿಮ್ಮ ಕೈಗೆಟುಕುವುದಿಲ್ಲ. ಹಾಗಾಗಿ ಸಂಜೆ ಬನಶಂಕರಿಯ ಒಂದು ಮೂರನೇ ಮಹಡಿಯ ಮನೆಯಲ್ಲಿ ಚಪ್ಪಲಿ ಬಿಡುತ್ತಿದ್ದೀರಿ. ಮಾರುವವರು ಸಾಫ್ಟ್‌ವೇರ್ ಎಂಜಿನಿಯರ್. ಮಗು ಹುಟ್ಟಿದೆ, ಜಾಗ ಬೇಕಾಗಿದೆ. ಯೋಕ್, ಮೂರು ಹಿಡಿಗಳ ಥ್ರಾಟಲ್ ಪೆಟ್ಟಿಗೆ, ರಡ್ಡರ್ ಪೆಡಲ್, ಮೂರೂ ಧೂಳು ಹಿಡಿದು ಕೂತಿವೆ. ಜೊತೆಗೆ ಒಂದು ವಿಆರ್ ಹೆಡ್‌ಸೆಟ್. "ಹಾಕ್ಕೊಂಡು ನೋಡಿ," ಅನ್ನುತ್ತಾರೆ.

ಹಾಕಿಕೊಳ್ಳುತ್ತೀರಿ. ಅಬ್ಬಾ. ನಿಜವಾದ ಕಾಕ್‌ಪಿಟ್ಟು. ತಲೆ ತಿರುಗಿಸಿದರೆ ರೆಕ್ಕೆ, ಬಗ್ಗಿದರೆ ಪೆಡಲ್. ನೆಲ ಎಷ್ಟು ದೂರವಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಎಡಕ್ಕೆ ತಿರುಗಿಸುತ್ತೀರಿ, ಕ್ಷಿತಿಜ ವಾಲುತ್ತದೆ. ಆದರೆ ಕಿವಿಯೊಳಗಿನ ತಕ್ಕಡಿ ಬನಶಂಕರಿಯ ಸೋಫಾದ ಮೇಲೇ ಇದೆ. ಕಣ್ಣು ತಿರುಗುತ್ತಿದ್ದೇವೆ ಎನ್ನುತ್ತದೆ, ಕಿವಿ ಇಲ್ಲ ಎನ್ನುತ್ತದೆ, ಜಗಳ ಹೊಟ್ಟೆಯಲ್ಲಿ ಇತ್ಯರ್ಥವಾಗುತ್ತದೆ. ಹಣೆಯಲ್ಲಿ ತಣ್ಣನೆ ಬೆವರು. ಎಸ್.ಪಿ. ರೋಡಿನ ಕಾಫಿ ಗಂಟಲಿಗೆ ಬರುತ್ತದೆ. ಫ್ಲ್ಯಾಪ್ ಹಿಡಿಗೆಂದು ಕೈ ಚಾಚಿದರೆ ನಿಮ್ಮ ಕೈ ನಿಮಗೇ ಕಾಣುವುದಿಲ್ಲ, ಟೀಪಾಯಿಯ ಮೇಲಿದ್ದ ಲೋಟ ಉರುಳುತ್ತದೆ. ಕಿತ್ತು ತೆಗೆದು ಕಿಟಕಿಯ ಹತ್ತಿರ ನಿಂತು ಉಸಿರಾಡುತ್ತೀರಿ. ಕೆಲವರಿಗೆ ಇದು ದಿನಗಳಲ್ಲಿ ಒಗ್ಗುತ್ತದಂತೆ. ಒಗ್ಗಿಸಿಕೊಳ್ಳುವ ದುಡ್ಡು ನಿಮ್ಮಲ್ಲಿಲ್ಲ.

ಈಗ ಹಳೆಯ ಯೋಕನ್ನು ನಂಬಬಹುದೇ? ಲ್ಯಾಪ್‌ಟಾಪಿಗೆ ಜೋಡಿಸಿ ವಿಂಡೋಸ್‌ನ ಪರೀಕ್ಷಾ ಕಿಟಕಿ ತೆರೆಯುತ್ತೀರಿ. ಚೌಕದ ನಡುವೆ ಒಂದು ಸಣ್ಣ ಕೂಡುಗೆರೆ. ಕೈಬಿಟ್ಟರೂ ಅದು ಜ್ವರ ಬಂದವರಂತೆ ನಡುಗುತ್ತಿದೆ. ಇಂಥ ಯೋಕಿನೊಳಗೆ ಇರುವುದು ಹಳೇ ರೇಡಿಯೋದ ವಾಲ್ಯೂಮ್ ತಿರುಪಿನ ಥರದ ಪೊಟೆನ್ಶಿಯೋಮೀಟರ್, ಉಜ್ಜಿ ಉಜ್ಜಿ ಸವೆಯುತ್ತದೆ. ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರ್‌ಗೆ ಆ ಸವೆತವಿಲ್ಲ, ಬೆಲೆ ಬೇರೆ. ಪೆಡಲ್ ಒತ್ತುತ್ತೀರಿ. ಗೆರೆ ಎಣ್ಣೆ ಹಾಕಿದಂತೆ ಜಾರುತ್ತದೆ, ಎಲ್ಲೂ ತಡವರಿಕೆಯಿಲ್ಲ. ಪೆಡಲ್ ಉತ್ತಮ, ಥ್ರಾಟಲ್ ಪೆಟ್ಟಿಗೆ ಪರವಾಗಿಲ್ಲ, ಯೋಕ್ ರೋಗಿಷ್ಟ. ಆ ನಡುಕವನ್ನು ತೋರಿಸಿ ಬೆಲೆ ಇಳಿಸುತ್ತೀರಿ. ಮಗು ಒಳಗೆ ಅಳುತ್ತದೆ, ವ್ಯಾಪಾರ ಬೇಗ ಮುಗಿಯುತ್ತದೆ. ಸೆಟ್ಟಿಂಗಿನಲ್ಲಿ ನಡುವೆ ಒಂದಿಷ್ಟು ಸ್ಪಂದಿಸದ ಜಾಗ ಬಿಟ್ಟುಕೊಂಡರೆ ನಡುಕ ಅಡಗುತ್ತದೆ. ನಿಜವಾದ ಸೆಸ್ನಾದ ಯೋಕ್ ಕೂಡ ಅಷ್ಟೇನೂ ಬಿಗಿಯಾಗಿಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತೀರಿ.

ಮೈಸೂರಿನ ರೈಲಿನಲ್ಲಿ ಪೆಡಲ್ ನಿಮ್ಮ ತೊಡೆಯ ಮೇಲಿದೆ. ಎದುರಿನ ಅಜ್ಜಿ, "ಹೊಲಿಗೆ ಮಿಷನ್ನಾ ತಾಯಿ?" ಎನ್ನುತ್ತಾರೆ. ಹೌದೆಂದು ತಲೆಯಾಡಿಸುತ್ತೀರಿ.

ಅಪ್ಪ ಹಾರ್ಮೋನಿಯಂ ಎತ್ತಿ ದಿವಾನದ ಮೇಲಿಟ್ಟು, ಟೇಬಲನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದಾರೆ. ಯೋಕನ್ನು ತಿರುಪು ಹಾಕಿ ಬಿಗಿಯುತ್ತೀರಿ. ಪೆಡಲ್ ಮಾತ್ರ ರೆಡ್‌ಆಕ್ಸೈಡ್ ನೆಲದ ಮೇಲೆ ನಿಲ್ಲುವುದೇ ಇಲ್ಲ. ಬಲಗಾಲು ಒತ್ತಿದರೆ ಇಡೀ ಪೆಟ್ಟಿಗೆ ಗೋಡೆಯತ್ತ ಜಾರುತ್ತದೆ, ನೀವು ಕುರ್ಚಿಯ ಜೊತೆ ಹಿಂದಕ್ಕೆ. ಅಮ್ಮ ನೋಡಿ ನಕ್ಕು, ಗ್ರೈಂಡರ್ ಬಂದ ಮೇಲೆ ಹಿತ್ತಲು ಸೇರಿದ್ದ ರುಬ್ಬುವ ಕಲ್ಲನ್ನು ಉರುಳಿಸಿಕೊಂಡು ಬರುತ್ತಾರೆ. ಅದನ್ನು ಗೋಡೆಗೂ ಪೆಡಲಿಗೂ ನಡುವೆ ಸಿಕ್ಕಿಸಿದ ಮೇಲೆ ಭೂಕಂಪವಾದರೂ ಅಲುಗುವುದಿಲ್ಲ. ಥ್ರಾಟಲ್ ಪೆಟ್ಟಿಗೆಯ ಒಂದು ಹಿಡಿ ಫ್ಲ್ಯಾಪ್ ಆಗುತ್ತದೆ. ಆದರೆ ಅದರಲ್ಲಿ ಮೆಟ್ಟಿಲುಗಳಿಲ್ಲ, ಬೆಣ್ಣೆಯಲ್ಲಿ ಚಾಕು ಆಡಿದಂತೆ ಮೇಲಿಂದ ಕೆಳಗೆ ಜಾರುತ್ತದೆ. ನಿಮ್ಮ ಕೈಯ ರೋಗಕ್ಕೆ ಇದು ವಿಷ. ಅಪ್ಪ ಮೈಸೂರು ಪಾಕಿನ ಡಬ್ಬದ ರಟ್ಟನ್ನು ಕತ್ತರಿಸಿ, 10, 20, 30 ಎಂದು ಮೂರು ಹಲ್ಲು ಕೊರೆದು ಅಂಟಿಸುತ್ತಾರೆ. ಶ್ರುತಿ ಹಿಡಿಯುವವರ ಬೆರಳು, ಹಲ್ಲುಗಳ ಅಂತರ ಕರಾರುವಾಕ್ಕು.

ತಂತ್ರಾಂಶದ ಆಯ್ಕೆಗೆ ಒಂದು ಸಂಜೆ ಸಾಕಾಗುತ್ತದೆ. ಎಕ್ಸ್-ಪ್ಲೇನ್ ರೆಕ್ಕೆಯನ್ನು ತುಂಡು ತುಂಡಾಗಿ ನೋಡಿ ಒಂದೊಂದರ ಮೇಲೂ ಗಾಳಿಯ ಬಲ ಲೆಕ್ಕ ಹಾಕುತ್ತದೆ. ಮೈಕ್ರೋಸಾಫ್ಟ್‌ನದು ಉಪಗ್ರಹದ ಚಿತ್ರಗಳಿಂದ ನಿಮ್ಮೂರನ್ನೇ ಇಳಿಸಿಕೊಡುತ್ತದೆ. ಎರಡರಲ್ಲಿ ಯಾವುದೂ ಕೆಟ್ಟದ್ದಲ್ಲ. ಇಳಿಯುವ ಮುಂಚಿನ ಬೇಸ್ ತಿರುವಿನಲ್ಲಿ ಚಾಮುಂಡಿ ಬೆಟ್ಟ ಮೂಗಿನೆದುರು ಕಾಣಬೇಕು ಎಂಬ ಒಂದೇ ಆಸೆಗೆ ನೀವು ಎರಡನೆಯದನ್ನು ಆರಿಸುತ್ತೀರಿ. ಸಹಾಯಕ್ಕೆಂದು ತಾನೇ ರಡ್ಡರ್ ಒತ್ತಿಕೊಡುವ ಒಂದು ಸೌಲಭ್ಯ ಅದರಲ್ಲಿದೆ. ಮೊದಲು ಅದನ್ನು ಬಂದ್ ಮಾಡಿಬಿಡುತ್ತೀರಿ.

ಈಗ ರಾತ್ರಿ ಒಂಬತ್ತು. ಅಡುಗೆಮನೆಯಲ್ಲಿ ನಾಳೆಯ ಹಿಟ್ಟಿಗೆ ಗ್ರೈಂಡರ್ ತಿರುಗುತ್ತಿದೆ, ಅದರ ಗುಂಯ್‌ಗುಟ್ಟುವಿಕೆ ಟೇಬಲಿನ ಕಾಲಿಗೂ ಬಂದು ಎಂಜಿನ್ನಿನ ಕಂಪನದಂತೆ ಅಂಗೈಗೆ ತಾಗುತ್ತಿದೆ. ಥ್ರಾಟಲ್ ಪೂರ್ತಿ, ಬಲಗಾಲು. ಫ್ಲ್ಯಾಪ್ ಒಂದು ಹಲ್ಲು, ನಿಲ್ಲು. ವೇಗ 60, ಏರುತ್ತಿದೆ, ಇನ್ನೊಂದು ಹಲ್ಲು. ಮತ್ತೆ. ಮತ್ತೆ. ನಲವತ್ತನೆಯ ಸಲಕ್ಕೆ ನಿಮ್ಮ ಬಾಯಿ ಹೇಳುವುದನ್ನು ನಿಲ್ಲಿಸಿದೆ, ಕೈ ತಾನೇ ಹೋಗುತ್ತಿದೆ. ಟವರಿಗೆ ಹೇಳಬೇಕಾದದ್ದನ್ನು ಗೋಡೆಗೆ ಹೇಳುತ್ತೀರಿ. ಪಕ್ಕದ ಮನೆಯ ಹುಡುಗ ಕಿಟಕಿಯಿಂದ "ರೋಜರ್" ಅನ್ನುತ್ತಾನೆ.

ಅಪ್ಪನಿಗೂ ಒಂದು ಕೆಲಸ ಕೊಟ್ಟಿದ್ದೀರಿ. ಕೀಬೋರ್ಡು ಅವರ ಮಡಿಲಿನಲ್ಲಿದೆ, ಪೇಪರ್ ಓದುತ್ತಾ ತಮಗೆ ಬೇಕೆನಿಸಿದಾಗ ಎಂಜಿನ್ ನಿಲ್ಲಿಸಬೇಕು.

ನೆಲದಿಂದ 500 ಅಡಿ. ನಂಜನಗೂಡಿನ ರಸ್ತೆ ಕೆಳಗೆ ಹಾದಿದೆಯಷ್ಟೆ. ಪುಟ ಮಗುಚುವ ಸದ್ದು. ಆಮೇಲೆ ಯಾವ ಸದ್ದೂ ಇಲ್ಲ. ಮುಂದಿನ ಫ್ಯಾನು ನಿಧಾನವಾಗಿ ತಿರುಗುತ್ತಿದೆ. ಮೂಗು ಇನ್ನೂ ಆಕಾಶಕ್ಕಿದೆ. ವೇಗ 70. 64. ಹಿಂದೆ ರನ್‌ವೇ ಇದೆ, ಅಷ್ಟುದ್ದ, ಅಷ್ಟು ಸಪಾಟು. ಎಡಕ್ಕೆ ತಿರುಗಿದರೆ ಸಾಕು. ತಿರುಗುತ್ತೀರಿ. ರೆಕ್ಕೆ ವಾಲುತ್ತದೆ. 55. ಪೀಪಿ ಅಳುತ್ತದೆ. ಇನ್ನೂ ತಿರುಗಿಸುತ್ತೀರಿ, ಒಳಗಿನ ರೆಕ್ಕೆ ಬೀಳುತ್ತದೆ, ಹೊಲ, ಹೊಲ, ಪರದೆ ಕಪ್ಪು.

"ಸತ್ವಾ?" ಅನ್ನುತ್ತಾರೆ ಅಪ್ಪ, ಪೇಪರಿನ ಹಿಂದಿನಿಂದ.

"ಹೂಂ."

ಒಂದು ಗುಂಡಿ ಒತ್ತಿದರೆ ಮತ್ತೆ ರನ್‌ವೇ ಮೇಲೆ. ಇನ್ನೊಮ್ಮೆಯೂ ಸಾಯುತ್ತೀರಿ. ಮೂರನೆಯ ಸಲ ದೇಹವೆಲ್ಲ ಹಿಂದಕ್ಕೆ ತಿರುಗು ಎನ್ನುವಾಗ ಎಡಗೈ ಯೋಕನ್ನು ಮುಂದಕ್ಕೆ ಒತ್ತುತ್ತದೆ. ಮೂಗು ಕೆಳಗೆ. 70 ನಾಟ್. ಎದುರಿನ ಹೊಲವೇ ಗತಿ. ಮಿಕ್ಸ್ಚರ್ ಹಿಂದಕ್ಕೆ, ಇಂಧನ ಬಂದ್, ಇಗ್ನಿಷನ್ ಬಂದ್, ಫ್ಲ್ಯಾಪ್, ಮಾಸ್ಟರ್ ಬಂದ್. ಕೊರಕಲು ನೆಲದಲ್ಲಿ ವಿಮಾನ ಕುಲುಕುತ್ತಾ ನಿಲ್ಲುತ್ತದೆ. ಪರದೆ ಕಪ್ಪಾಗಿಲ್ಲ. ಬಲಮೊಣಕಾಲು ನಡುಗುತ್ತಿದೆ, ಅದು ಮಾತ್ರ ಸಿಮ್ಯುಲೇಟರಿನದಲ್ಲ.

ಆ ಪೀಪಿಯ ಬಗ್ಗೆ ಒಂದು ಮಾತು ಅಪ್ಪನಿಗೆ ಹೇಳುತ್ತೀರಿ. ಸೆಸ್ನಾ 172ರಲ್ಲಿ ಅದಕ್ಕೆ ಕರೆಂಟೇ ಬೇಡ. ಎಡರೆಕ್ಕೆಯ ಅಂಚಿನಲ್ಲಿ ಒಂದು ಕಿಂಡಿಯಿದೆ. ರೆಕ್ಕೆ ಸ್ಟಾಲ್ ಹತ್ತಿರ ಬಂದಾಗ ಅಲ್ಲಿ ಗಾಳಿ ಹೊರಕ್ಕೆ ಎಳೆಯಲ್ಪಟ್ಟು ಒಳಗಿನ ಒಂದು ರೀಡ್ ಮಿಡಿಯುತ್ತದೆ. "ಅಂದ್ರೆ ನಮ್ಮ ಹಾರ್ಮೋನಿಯಂದೇ ರೀಡು!" ಎಂದು ಅಪ್ಪ ಪೇಪರ್ ಇಳಿಸುತ್ತಾರೆ. ದಿವಾನದ ಹತ್ತಿರ ಹೋಗಿ ತಿದಿ ಒತ್ತಿ ಒಂದೊಂದೇ ಮನೆ ಹಿಡಿದು, "ಇದಾ? ಇದಾ?" ಎಂದು ಕೇಳುತ್ತಾರೆ.

ಎರಡು ವಾರದ ನಂತರ ಮಂಡಕಳ್ಳಿಯಲ್ಲಿ ಬೇರೆಯೇ ತಪ್ಪು. ರನ್‌ವೇಗೆ ಸಮಾನಾಂತರವಾದ ಡೌನ್‌ವಿಂಡ್‌ನಲ್ಲಿ ಬೆಟ್ಟದ ನೆತ್ತಿ ಹೆಚ್ಚುಕಡಿಮೆ ನಿಮ್ಮ ಕಣ್ಣಿನ ಮಟ್ಟಕ್ಕಿದೆ, ನೀವು ನೋಡುತ್ತಿಲ್ಲ. ಕಣ್ಣೆಲ್ಲ ಮುಳ್ಳುಗಳ ಮೇಲೆ. ಪರದೆಯಲ್ಲಿ ನಂಬಬಹುದಾದದ್ದು ಅವೇ ಆಗಿದ್ದವಲ್ಲ. ಸರ್ ತಮ್ಮ ಡೈರಿಯನ್ನು ಅಡ್ಡ ಹಿಡಿದು ವೇಗದ ಮುಳ್ಳನ್ನೇ ಮುಚ್ಚಿಬಿಡುತ್ತಾರೆ. "ಹೊರಗೆ ನೋಡು. ಸದ್ದು ಕೇಳು." ಮೂಗು ಕ್ಷಿತಿಜದಿಂದ ಎಷ್ಟು ಕೆಳಗಿದೆ, ಗಾಳಿ ಎಷ್ಟು ಜೋರಾಗಿ ಉಜ್ಜುತ್ತಿದೆ, ಯೋಕ್ ಎಷ್ಟು ಭಾರ. ಆ ಭಾರವೂ ಮನೆಯಲ್ಲಿ ಸುಳ್ಳು. ಅಲ್ಲಿ ಸ್ಪ್ರಿಂಗ್ ಯಾವಾಗಲೂ ನಡುವಿಗೆ ಎಳೆಯುತ್ತದೆ. ಇಲ್ಲಿ ಟ್ರಿಮ್ ಚಕ್ರ ತಿರುಗಿಸಿದಂತೆ ಒತ್ತಡ ಬೆರಳಿನಿಂದ ಕರಗಿಹೋಗುತ್ತದೆ. ಆ ರಾತ್ರಿ ಪರದೆಯ ಮೇಲೆ, ವೇಗದ ಮುಳ್ಳಿನ ಜಾಗಕ್ಕೆ, ಕ್ಯಾಲೆಂಡರಿನ ಹಾಳೆ ಹರಿದು ಅಂಟಿಸುತ್ತೀರಿ.

ಇನ್ನೂ ಒಂದು ತಿಂಗಳು. ಮತ್ತೆ ಅದೇ ಬೆಳಗು, ಅದೇ ರನ್‌ವೇ 27, ಅದೇ ಏಲಕ್ಕಿ. ನೆಲದಿಂದ ನೂರು ಅಡಿ ಇರುವಾಗ ಎಡದಿಂದ ಒಂದು ಹದ್ದು ಸಾವಕಾಶವಾಗಿ ಎದ್ದು ಗಾಜಿನ ನಡುವೆ ಬರುತ್ತದೆ. ರೆಕ್ಕೆಯ ಕಂದು ಗರಿಗಳು ಕಾಣುವಷ್ಟು ಹತ್ತಿರ.

"ಗೋಯಿಂಗ್ ಅರೌಂಡ್." ಅದು ನಿಮ್ಮದೇ ದನಿ.

ಥ್ರಾಟಲ್. ಬಲಗಾಲು, ಹಿಂದೆ ರುಬ್ಬುವ ಕಲ್ಲಿದೆಯೋ ಎಂಬಷ್ಟು ಗಟ್ಟಿಯಾಗಿ. ಒಂದು ಹಲ್ಲು. ನಿಲ್ಲು. ಹದ್ದು ಕೆಳಕ್ಕೆ ಜಾರುತ್ತದೆ. ಸೀಟು ನಿಮ್ಮನ್ನು ಮೇಲಕ್ಕೆತ್ತುತ್ತದೆ. ಇನ್ನೊಂದು ಹಲ್ಲು. ಕೆಳಗೆ ನಂಜನಗೂಡಿನ ಬಸ್ಸು, ರೈಲುಹಳಿ. ಬಲಕ್ಕೆ ಕಣ್ಣು ಹಾಯಿಸುತ್ತೀರಿ. ಸರ್ ಕೈಗಳು ಅವರ ಮೊಣಕಾಲ ಮೇಲೇ ಇವೆ.

ಸುತ್ತು ಮುಗಿಸಿ ಮತ್ತೆ ಬರುತ್ತೀರಿ. ರನ್‌ವೇ ಅಗಲವಾಗುತ್ತದೆ. ಇನ್ನು ಮುಂದಿನದಕ್ಕೆ ಮನೆಯ ಟೇಬಲಿನಿಂದ ಏನೂ ಸಹಾಯವಿಲ್ಲ. 24 ಇಂಚಿನ ಗಾಜಿನಲ್ಲಿ ನೆಲಕ್ಕೆ ಆಳವಿರಲಿಲ್ಲ, ಅಂಚುಗಳಿರಲಿಲ್ಲ. ಇಲ್ಲಿ ಕಣ್ಣಿನ ಎರಡೂ ಕೊನೆಗಳಲ್ಲಿ ಹುಲ್ಲು ಏಳುತ್ತಿದೆ, ಸೊಂಟದ ಕೆಳಗಿನ ಮೂಳೆಗೆ ನೆಲ ಹತ್ತಿರವಾಗುತ್ತಿರುವುದು ತಿಳಿಯುತ್ತಿದೆ. ದೃಷ್ಟಿ ರನ್‌ವೇಯ ಆ ತುದಿಗೆ. ಎತ್ತುತ್ತೀರಿ. ಕಾಯುತ್ತೀರಿ. ಇನ್ನಷ್ಟು. ತಲೆಯ ಹತ್ತಿರ ರೀಡ್ ಮಿಡಿಯಲು ಶುರುವಾಗುತ್ತದೆ, ಈ ಸಲ ಅದು ಬರಬೇಕಾದ ಹೊತ್ತಿಗೇ. ಚಕ್ರ ಮುಟ್ಟುತ್ತದೆ, ಚಿಮ್ಮುತ್ತದೆ, ಮತ್ತೆ ಮುಟ್ಟುತ್ತದೆ.

"ಚಿಮ್ತು," ಅನ್ನುತ್ತಾರೆ ಸರ್. "ಇನ್ನೊಂದು ಸುತ್ತು. ಫ್ಲ್ಯಾಪ್ ಎತ್ತು."

ಬಲಗೈ ಆಗಲೇ ಫ್ಲ್ಯಾಪ್ ಹಿಡಿಯ ಮೇಲಿದೆ.